ನಕ್ಕಿರೋ, ನಾಣ್ಯ ಹೋಯಿತು

ನೆಂಟರ ಮನೆಯ ಯಾವ ಕಾರ್ಯಕ್ರಮದಲ್ಲೂ ನನಗೆ ಬಡಿಸುವ ಕೆಲಸ ಕೊಡುವುದಿಲ್ಲ. ನಾನು ಹೊಯ್ದ ಸಾರು ಪಕ್ಕದವರ ಎಲೆ ಸೇರುತ್ತದಂತೆ. ಅದಕ್ಕೇ ಮಕ್ಕಳನ್ನು ಸುಧಾರಿಸುವ ಜಾದೂಗಾರನ ಹುದ್ದೆ ಕೊಟ್ಟಿದ್ದಾರೆ. ಸಂಬಳ, ಒಂದು ಹೋಳಿಗೆ ಹೆಚ್ಚು.

ವಿದ್ಯೆ ಒಂದೇ. 10 ರೂಪಾಯಿ ನಾಣ್ಯವನ್ನು ಎಡಗೈಗೆ ಹಾಕಿದಂತೆ ಮಾಡಿ, ಬಲ ಅಂಗೈಯಲ್ಲೇ ಹೆಬ್ಬೆರಳ ಬುಡಕ್ಕೂ ಆಚೆ ಅಂಚಿಗೂ ನಡುವೆ ಕಚ್ಚಿ ಹಿಡಿಯುವುದು. ಬಿಗಿಹಿಡಿದರೆ ಬೆರಳು ಸೆಟೆದು ಗುಟ್ಟು ರಟ್ಟು. ಸಡಿಲ ಬಿಟ್ಟರೆ ಠಣ್! ಆಮೇಲೆ ಆ ಕೈ ಮೆಲ್ಲಗೆ ಕಿಸೆಗೆ ಹೋಗಬೇಕು. ಅಷ್ಟು ಹೊತ್ತು ಮಕ್ಕಳ ಕಣ್ಣನ್ನು ಎಲ್ಲಿಡುವುದು? "ಅಗೋ, ದೀಪಸ್ತಂಭ ನೋಡಿ" ಎಂದರೆ ಕಾಪುವಿನ ಮಕ್ಕಳು ತಿರುಗುವುದಿಲ್ಲ. ಅದು 1901ರಿಂದ ಅಲ್ಲೇ ನಿಂತಿದೆ. ಮೇಲಾಗಿ, ಬೆರಳು ತೋರಿಸಿದರೆ ಮಕ್ಕಳಿಗೆ ಸಂಶಯ. ನಗಿಸಿದರೆ ಸಂಶಯವಿಲ್ಲ. "ಎಡಗೈ ಮೂಸಿ ನೋಡು ಪುಟ್ಟ, ಬಂಗುಡೆ ವಾಸನೆ ಉಂಟಾ?" ಅವನು ಗಂಭೀರವಾಗಿ ಮೂಸುತ್ತಾನೆ, ಉಳಿದವರು ಕಿಸಕ್ಕೆನ್ನುತ್ತಾರೆ, ನಾಣ್ಯ ಕಿಸೆಯಲ್ಲಿ.

ಜೋಕು ಹೇಳುತ್ತಿರುವಾಗ ಕೈ ಆಡಿಸಿದಿರೋ, ಸಿಕ್ಕಿಬಿದ್ದಿರಿ. ನಗು ಎದ್ದು, ಇನ್ನೇನೂ ನಡೆಯುವುದಿಲ್ಲವೆಂದು ಎಲ್ಲರೂ ಮೈ ಸಡಿಲಿಸುತ್ತಾರಲ್ಲ, ಆಗ ಆಡಿಸಬೇಕು. ಉಡುಪಿಯಲ್ಲಿ ಜಾದೂ ಎಂದೊಡನೆ ನೆನಪಾಗುವ ಪ್ರೊ. ಶಂಕರ್ ಅವರ ಮಾತು ಕೇಳುತ್ತ ಕೂತರೆ ಕೈ ನೋಡುವುದು ಮರೆತೇ ಹೋಗುತ್ತದೆ. ಸ್ಪೇನಿನ ಇಸ್ಪೀಟು ಮಾಂತ್ರಿಕ ಹುವಾನ್ ತಮಾರಿಸ್ ಅಂತೂ ಇಲ್ಲದ ಪಿಟೀಲನ್ನು ಗಲ್ಲಕ್ಕಾನಿಸಿ ಬಾರಿಸುತ್ತಾರೆ. ಆ ಪಿಟೀಲು ಬಿಟ್ಟು ಎಲೆ ನೋಡುವ ಅರಸಿಕ ಯಾರು?

ಅಮೆರಿಕದ ಸೈಮನ್ಸ್ ಮತ್ತು ಶಾಬ್ರಿ ಎಂಬ ಮನೋವಿಜ್ಞಾನಿಗಳು 1999ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಚೆಂಡು ಎಷ್ಟು ಸಲ ಕೈ ಬದಲಿಸಿತೆಂದು ಎಣಿಸುತ್ತಿದ್ದವರಲ್ಲಿ ಅರ್ಧದಷ್ಟು ಮಂದಿಗೆ ನಡುವೆ ಹಾದುಹೋದ ಗೊರಿಲ್ಲ ವೇಷ ಕಾಣಲೇ ಇಲ್ಲ. ಅಷ್ಟಮಿಯ ಹುಲಿವೇಷವಾಗಿದ್ದರೆ ಹೀಗಾಗುತ್ತಿರಲಿಲ್ಲ ಬಿಡಿ. ತಾಸೆಯ ಸದ್ದಿಗೆ ಎಣಿಕೆಯೇ ತಪ್ಪುತ್ತಿತ್ತು.

ಕಷ್ಟವಾದದ್ದು ಮಣಿಪಾಲದಲ್ಲಿ. ಒಂದು ಹುಟ್ಟುಹಬ್ಬಕ್ಕೆ ದಿಲ್ಲಿ, ಕೊಚ್ಚಿ, ಕೋಲ್ಕತ್ತದ ಹುಡುಗರೆಲ್ಲ ಸೇರಿದ್ದರು. ನನ್ನ ಬಂಗುಡೆ ತುಳುವಿನದು. ಒಬ್ಬರೂ ನಗಲಿಲ್ಲ. ಅದನ್ನು ಹಿಂದಿಗೆ ಇಳಿಸುವಷ್ಟರಲ್ಲಿ ಅಂಗೈ ಬೆವರಿ ನಾಣ್ಯ ಕೇಕಿನೊಳಗೆ ಇಳಿಯಿತು. ಆಗ ನಕ್ಕರು, ಪಾಪ, ಧಾರಾಳವಾಗಿ.

ಭಾಷೆ ಬಂದೂ ನಗದವರ ಗತಿ ಬೇರೆ. ಕಾರ್ಕಳದಲ್ಲಿ ನನ್ನ ದೊಡ್ಡಪ್ಪ ಇದ್ದಾರೆ. 1432ರಿಂದ ಬಿಸಿಲು ಮಳೆಗೆ ನಿಂತ ಅಲ್ಲಿನ 42 ಅಡಿಯ ಗೊಮ್ಮಟನಾದರೂ ತುಟಿಯಂಚಿನಲ್ಲಿ ನಗುತ್ತಾನೆ. ದೊಡ್ಡಪ್ಪನದು ಅವನಿಗಿಂತ ಗಟ್ಟಿ ಕಲ್ಲು. ಮೊನ್ನೆ ತೊಟ್ಟಿಲು ಹಾಕುವ ದಿನ ಮಕ್ಕಳೆಲ್ಲ ಎಡಗೈ ಮೂಸುತ್ತಿದ್ದರೆ, ಇವರ ಕಣ್ಣು ಮಾತ್ರ ಬಲಗೈ ಬಿಡಲಿಲ್ಲ.

"ಎಂತ ನಗುವುದು ಮಕ್ಕಳೇ? ಅದು ಅವನ ಬಲಗೈಯಲ್ಲೇ ಉಂಟು."

ದೊಡ್ಡಪ್ಪ ಅದನ್ನು ಕೋರ್ಟಿನಲ್ಲಿ ಸಾಕ್ಷಿ ಹೇಳುವ ಗತ್ತಿನಲ್ಲಿ ಹೇಳಿದ್ದರಿಂದ, ಇಡೀ ಜಗಲಿ ಅವರ ಕಡೆ ತಿರುಗಿ ಗೊಳ್ಳೆಂದು ನಕ್ಕಿತು. ಅವರೂ ಗಾಬರಿಯಾಗಿ ಸುತ್ತ ನೋಡಿದರು. ನನಗೆ ಅಷ್ಟು ಸಾಕಿತ್ತು. ಬಲಗೈ ಬಿಚ್ಚಿ ತೋರಿಸಿದೆ: ಖಾಲಿ.

ದೊಡ್ಡಪ್ಪ ಕನ್ನಡಕ ಏರಿಸಿ, "ಹಾಗಾದರೆ ಕಿಸೆಯಲ್ಲಿ ಉಂಟು" ಎಂದರು.