ಜಾರಿ ಬೀಳಲು ಒಳ್ಳೆಯ ಭಾನುವಾರ

ಇಂಗ್ಲೆಂಡಿನಲ್ಲಿ ಕೈಕಾಲು ಮುರಿದುಕೊಳ್ಳುವುದಕ್ಕೂ ಮುಹೂರ್ತ ನೋಡಬೇಕು. ಇದು ಮೊದಲೇ ಗೊತ್ತಿದ್ದರೆ 2024ರ ಡಿಸೆಂಬರಿನಲ್ಲೇ, ಕ್ರಿಸ್‌ಮಸ್ ಗದ್ದಲದ ನಡುವೆ, ಒಂದೊಳ್ಳೆ ಮೆಟ್ಟಿಲು ಹುಡುಕಿಕೊಂಡು ಬಿದ್ದುಬಿಡುತ್ತಿದ್ದೆ. ಬಿದ್ದದ್ದು 2025ರ ಜನವರಿಯ ಎರಡನೇ ವಾರದಲ್ಲಿ. ಈ ಹೆಚ್ಚುಕಮ್ಮಿಯ ಬೆಲೆ ವಾರಕ್ಕೆ 90 ಪೌಂಡ್ 50 ಪೆನ್ಸ್.

ಲೀಡ್ಸ್‌ನಲ್ಲಿ ನನಗೊಂದು ಮರ್ಯಾದಸ್ಥ ನೌಕರಿಯಿತ್ತು. ಸಂಬಳ ಕೈಗೆ ಬರುವ ಮೊದಲೇ ನ್ಯಾಷನಲ್ ಇನ್ಶೂರೆನ್ಸ್ (ಎನ್‌ಐ) ಕಂತು ತಾನಾಗಿಯೇ ಕಡಿತವಾಗುತ್ತಿತ್ತು, ನಾನು ತಿಂಗಳು ತಿಂಗಳೂ ಅದನ್ನು ಬೈಯುತ್ತಿದ್ದೆ. 2023ರ ಮಾರ್ಚ್ ಕೊನೆಗೆ, ಇನ್ನೊಬ್ಬರ ಕೈಕೆಳಗೆ ದುಡಿದದ್ದು ಸಾಕು ಎಂದು ರಾಜೀನಾಮೆ ಬಿಸಾಕಿ, ಪುಳಿಯೋಗರೆ ಗೊಜ್ಜು ಮತ್ತು ಶೇಂಗಾ ಚಟ್ನಿಪುಡಿಯ ಉದ್ಯಮಿಯಾದೆ. ಶನಿವಾರದ ಸಂತೆಗಳಲ್ಲಿ ಮೇಜು ಹಾಕುತ್ತಿದ್ದೆ. ಯಾರ್ಕ್‌ಷೈರಿನ ಜನ ಬಲು ಸೌಜನ್ಯದವರು. ಬಿಟ್ಟಿ ಕೊಟ್ಟ ಗೊಜ್ಜನ್ನು ಚೂರು ಬ್ರೆಡ್ಡಿಗೆ ಸವರಿ ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಬಹಳ ಚೆನ್ನಾಗಿದೆ ಎಂದು ಹೊಗಳಿ, ಪಕ್ಕದ ಮೇಜಿನಲ್ಲಿ ಚೀಸ್ ಕೊಳ್ಳುತ್ತಿದ್ದರು. ವರ್ಷದ ಕೊನೆಗೆ ಬಂದ ಲಾಭ ಎಷ್ಟೆಂದು ಹೆಂಡತಿಗೂ ಸರಿಯಾಗಿ ಹೇಳಿಲ್ಲ. ತೆರಿಗೆಯವರಿಗೆ ಹೇಳಲೇಬೇಕಾಯಿತು.

ತೆರಿಗೆ ಅರ್ಜಿಯಲ್ಲೊಂದು ವಿಚಿತ್ರ ಪ್ರಶ್ನೆಯಿತ್ತು. 2023–24ರಲ್ಲಿ ಸ್ವಂತ ಉದ್ಯೋಗದವರ ಲಾಭ 6,725 ಪೌಂಡ್ ಮುಟ್ಟಿದರೆ ಕಂತಿನ ದಾಖಲೆಗೆ ಆ ವರ್ಷ ತಾನಾಗಿ ಸೇರುತ್ತಿತ್ತು. ಮುಟ್ಟದ ನನ್ನಂಥವರು ಇಷ್ಟವಿದ್ದರೆ ವಾರಕ್ಕೆ 3 ಪೌಂಡ್ 45 ಪೆನ್ಸ್‌ನಂತೆ ಕ್ಲಾಸ್ 2 ಕಂತು ಕಟ್ಟಬಹುದಿತ್ತು. ಕಟ್ಟುತ್ತೀರಾ? ಸರ್ಕಾರವೇ ಬೇಡಪ್ಪಾ ಎಂದು ಬಿಟ್ಟಿರುವ ದುಡ್ಡನ್ನು ಹುಡುಕಿಕೊಂಡು ಹೋಗಿ ಕೊಡುವ ಮೂರ್ಖ ಯಾರು? 'ಇಲ್ಲ' ಎಂಬಲ್ಲಿ ಗುರುತು ಹಾಕಿದೆ. 52 ವಾರಕ್ಕೆ 179 ಪೌಂಡ್ 40 ಪೆನ್ಸ್ ಉಳಿಸಿದ ಕಥೆಯನ್ನು ಊರಿಗೆ ಫೋನ್ ಮಾಡಿದಾಗಲೆಲ್ಲ ಹೇಳಿದೆ.

ದೀಪಾವಳಿ ಊಟದಲ್ಲಿ ಪಕ್ಕದ ಎಲೆಗೆ ಕೂತವರು ಸರ್ವಜ್ಞ ಪೀಠದವರು. ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತಲೇ ಕೇಳಿದರು: "ನಿಮ್ಮ ಎನ್‌ಐ ರೆಕಾರ್ಡ್‌ನಲ್ಲಿ ಗ್ಯಾಪ್ ಇಲ್ಲ ತಾನೆ? ಪೂರ್ತಿ ಪಿಂಚಣಿಗೆ 35 ವರ್ಷ ಬೇಕು ಕಣ್ರೀ." ಅಂದು ರಾತ್ರಿಯೇ ದಾಖಲೆ ತೆರೆದು ನೋಡಿದೆ. ಸಾಲುಸಾಲಾಗಿ ಪೂರ್ಣ ವರ್ಷಗಳು, ನಡುವೆ 2023–24ರ ಮುಂದೆ ಮಾತ್ರ 'ವರ್ಷ ಪೂರ್ಣವಾಗಿಲ್ಲ' ಎಂಬ ಒಕ್ಕಣೆ. ಎದೆ ಝಲ್ಲೆಂದಿತು. ಬೆಳಿಗ್ಗೆ ಎದ್ದವನೇ ಕ್ಲಾಸ್ 3 ಸ್ವಯಂಪ್ರೇರಿತ ಕಂತು ಕಟ್ಟಿ ತೂತು ಮುಚ್ಚಿದೆ. ಅದರ ಆಗಿನ ದರ ವಾರಕ್ಕೆ 17 ಪೌಂಡ್ 45 ಪೆನ್ಸ್, ವರ್ಷಕ್ಕೆ 907 ಪೌಂಡ್ 40 ಪೆನ್ಸ್. ದರ್ಜೆ ಎರಡರಿಂದ ಮೂರಕ್ಕೆ ಇಳಿದರೆ ಬೆಲೆ ಐದು ಪಟ್ಟು ಏರುವ ಇನ್ನೊಂದು ವ್ಯವಹಾರ ನಾನು ಕಂಡಿಲ್ಲ. ಆದರೂ ಹೆಚ್ಚು ಕೊಟ್ಟದ್ದಕ್ಕೆ ಹೆಚ್ಚು ರಕ್ಷಣೆ ಇರಲೇಬೇಕಲ್ಲ ಎಂದು ಸಮಾಧಾನ ತಂದುಕೊಂಡೆ.

ನವೆಂಬರಿನಲ್ಲಿ ಹಿಮ ಬಿತ್ತು. ಬೀದಿಯವರೆಲ್ಲ ಗೋಡೆ ಹಿಡಿದು ತೆವಳುತ್ತಿದ್ದರೆ ನಾನು ಕೈಬೀಸಿಕೊಂಡು ಓಡಾಡಿದೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಸಂಕದ ಮೇಲೆ, ಮಳೆಗಾಲದ ಪಾಚಿಯಲ್ಲಿ ನಡೆದು ಬೆಳೆದ ಕಾಲು ಇದು, ನಿಮ್ಮ ಐಸಿಗೆಲ್ಲ ಜಗ್ಗುವುದಿಲ್ಲ ಎಂದು ಪಕ್ಕದ ಮನೆಯ ಮುದುಕರಿಗೆ ವಿವರಿಸಿದ್ದೂ ಉಂಟು. ಅವರಿಗೆ ಪಾಚಿ ಅರ್ಥವಾಯಿತು, ಅಡಿಕೆ ಆಗಲಿಲ್ಲ.

ಜನವರಿಯ ಆ ಬೆಳಿಗ್ಗೆ ಹಸಿರು ಬಿನ್ ಹೊರಗಿಡುವ ದಿನ. ಪಂಚೆ, ಅದರ ಮೇಲೆ ದಪ್ಪ ಜಾಕೆಟ್, ಕಾಲಿಗೆ ಹವಾಯಿ ಚಪ್ಪಲಿ. ಬಿನ್ ಎಳೆದುಕೊಂಡು ಇಳಿಜಾರಿಗೆ ಬಂದೆ. ಎರಡೂ ಕಾಲು ಒಟ್ಟಿಗೆ ಮುಂದಕ್ಕೆ ಹೋದವು, ನಾನು ಹಿಂದೆ ಉಳಿದೆ. ಬಿನ್ ಮಾತ್ರ ಎರಡು ಗಾಲಿಯ ಮೇಲೆ ಗಂಭೀರವಾಗಿ ಇಳಿದು, ಮುದುಕರ ಗೇಟಿಗೆ ಒರಗಿ ನೆಟ್ಟಗೆ ನಿಂತಿತು. ಒಳಗಿನ ಒಂದು ಬಾಟಲಿಯೂ ಸದ್ದು ಮಾಡಲಿಲ್ಲ. ಮುದುಕರು ಬಾಗಿಲು ತೆರೆದು, ಕ್ಷೇಮವೇ ಎಂದು ಕೇಳಿದರು. ಕ್ಷೇಮ, ತಾವು ಹೇಗಿದ್ದೀರಿ ಎಂದು ನಾನು ಮಲಗಿದಲ್ಲಿಂದಲೇ ವಿಚಾರಿಸಿದೆ. ಬಲಗೈ ಭುಜದ ಹತ್ತಿರ ಮುರಿದಿತ್ತು.

ನೌಕರಿಯಲ್ಲಿದ್ದಿದ್ದರೆ ಮಾಲೀಕರೇ ವಾರಕ್ಕೆ 116 ಪೌಂಡ್ 75 ಪೆನ್ಸ್ ಸಿಕ್ ಪೇ ಕೊಡಬೇಕಿತ್ತು, 28 ವಾರದವರೆಗೆ. ನನ್ನ ಮಾಲೀಕ ನಾನೇ, ಅವನ ಹತ್ತಿರ ದುಡ್ಡಿರಲಿಲ್ಲ. ಯುನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವಿಗೆ ಹೋದರೆ ಹೆಂಡತಿಯ ಸಂಬಳ ಕೇಳುತ್ತಾರೆ, ಅವಳ ಸಂಬಳ ನಮ್ಮ ಮಾನ ಕಾಪಾಡುವಷ್ಟಿದೆ. ಉಳಿದದ್ದು ನ್ಯೂ ಸ್ಟೈಲ್ ಇ.ಎಸ್.ಎ. ಎಂಬ ಅನಾರೋಗ್ಯ ಭತ್ಯೆ. ಅದು ಉಳಿತಾಯ ಕೇಳುವುದಿಲ್ಲ, ಹೆಂಡತಿಯ ಸುದ್ದಿ ಎತ್ತುವುದಿಲ್ಲ, ನೀನು ಕಂತು ಕಟ್ಟಿದ್ದೀಯಾ ಎಂದಷ್ಟೇ ನೋಡುತ್ತದೆ. ನಾನೋ ಮೂರನೇ ದರ್ಜೆಯಲ್ಲಿ ಕಟ್ಟಿದವನು! ಅರ್ಜಿ ಹಾಕಿದೆ.

ಜೋಳಿಗೆಯಲ್ಲಿ ಕೈ ನೇತುಹಾಕಿಕೊಂಡು ಹೆಂಡತಿಗೆ ಉಪನ್ಯಾಸ ಕೊಟ್ಟೆ. 1911ರಲ್ಲಿ ಲಾಯ್ಡ್ ಜಾರ್ಜ್ ತಂದ ವಿಮಾ ಕಾಯ್ದೆಯಲ್ಲಿ ಕೂಲಿಯವನು ನಾಲ್ಕು ಪೆನ್ನಿ ಕಟ್ಟಿದರೆ ಮಾಲೀಕ ಮೂರು, ಸರ್ಕಾರ ಎರಡು ಸೇರಿಸಬೇಕಿತ್ತು. 1942ರ ವರದಿಯಲ್ಲಿ ಅದನ್ನು ಇಡೀ ದೇಶಕ್ಕೆ ಹಬ್ಬಿಸಲು ಹೇಳಿದ ಬೆವರಿಜ್ ಹುಟ್ಟಿದ್ದು ಆಗಿನ ಬಂಗಾಳದ ರಂಗಪುರದಲ್ಲಿ. "ಹಾಗಾಗಿ ಇದು ಭಿಕ್ಷೆಯಲ್ಲ, ಹಕ್ಕು. ಒಂದು ಲೆಕ್ಕದಲ್ಲಿ ನಮ್ಮವನೇ ಬರೆದ ಹಕ್ಕು" ಎಂದೆ. ಅವಳು ನನ್ನ ಬಾಯಿಗೆ ಇಡ್ಲಿ ತುರುಕಿದಳು. ತಿನ್ನಿಸಲೋ, ಮುಚ್ಚಿಸಲೋ ತಿಳಿಯಲಿಲ್ಲ.

ಪತ್ರ ಬಂತು. ಭತ್ಯೆ ಇಲ್ಲ.

ಫೋನ್ ಹಚ್ಚಿದೆ. ಆ ಕಡೆಯ ಹೆಣ್ಣುಮಗಳದ್ದು ಜೇನಿನಂಥ ದನಿ. ಭತ್ಯೆಯ ವರ್ಷ ಶುರುವಾಗುವುದು ಜನವರಿಯ ಮೊದಲ ಭಾನುವಾರ, ಈ ಸಲ 5ನೇ ತಾರೀಕು. ಅದಕ್ಕೆ ಹಿಂದೆ ಮುಗಿದಿರುವ ಎರಡು ತೆರಿಗೆ ವರ್ಷಗಳನ್ನು ನೋಡುತ್ತೇವೆ. ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಹುಟ್ಟಿ ಏಪ್ರಿಲ್ 5ಕ್ಕೆ ಸಾಯುತ್ತದೆ. ಹಾಗಾಗಿ ನಿಮಗೆ 2022–23 ಮತ್ತು 2023–24. ಎರಡೂ ತುಂಬಿರಬೇಕು, ಎರಡನೆಯದು ಖಾಲಿ.

"ಖಾಲಿ ಎಲ್ಲಿ? 907 ಪೌಂಡ್ ಕಟ್ಟಿದ್ದೇನೆ!"

"ಕಾಣಿಸುತ್ತಿದೆ ಸರ್. ಅದು ಕ್ಲಾಸ್ 3. ಪಿಂಚಣಿಗೆ ಬರುತ್ತದೆ, ಕಾಯಿಲೆಗೆ ಬರುವುದಿಲ್ಲ. ಕ್ಲಾಸ್ 2 ಕಟ್ಟಿದ್ದರೆ ಆಗುತ್ತಿತ್ತು."

ನಾನು ಸುಮ್ಮನಿರಬೇಕಿತ್ತು. ಡಿಸೆಂಬರಿನಲ್ಲಿ ಬಿದ್ದಿದ್ದರೆ ಎಂದು ಕೇಳಿಬಿಟ್ಟೆ. ಕೀಲಿಮಣೆಯ ಟಕಟಕ ಕೇಳಿಸಿತು. ಆಗ 2021–22, 2022–23 ನೋಡುತ್ತಿದ್ದೆವು, ಎರಡೂ ಪೂರ್ಣವಾಗಿವೆ, ಕಂತಿನ ತೊಡಕು ಇರುತ್ತಿರಲಿಲ್ಲ ಎಂದಳು. ಆಮೇಲೆ, ಬೇಗ ಗುಣವಾಗಲಿ ಎಂದು ಹಾರೈಸಿದಳು. ನವೆಂಬರಿನ ಹಿಮದಲ್ಲಿ ಕೈಬೀಸಿ ನಡೆದದ್ದೆಲ್ಲ ಕಣ್ಣ ಮುಂದೆ ಬಂತು. ಎಂಥ ಸದವಕಾಶ! ಬೀದಿಯ ತುಂಬ ಜಾರುತ್ತಿತ್ತು, ನಾನೊಬ್ಬನೇ ಜಾರಲಿಲ್ಲ.

ಸಮಾಧಾನಕ್ಕೆ ಅವಳು ಇನ್ನೊಂದು ದಾರಿ ತೋರಿಸಿದಳು. ದುಡ್ಡು ಬರದಿದ್ದರೂ ಡಾಕ್ಟರ ಚೀಟಿ ಕಳಿಸುತ್ತಿದ್ದರೆ ಕಾಯಿಲೆಯ ವಾರಗಳಿಗೆ ಎನ್‌ಐ ಕ್ರೆಡಿಟ್ ಸಿಗುತ್ತದೆ. ಅಂದರೆ ಊಟವಿಲ್ಲ, ಹಾಜರಿ ಹಾಕುತ್ತಾರೆ. ಅದಕ್ಕೂ ಒಂದು ಪ್ರಶ್ನಾವಳಿ ಬಂತು. ಬಲಗೈ ಇಲ್ಲದ್ದರಿಂದ ಬರೆಯುವವಳು ಹೆಂಡತಿ, ಉತ್ತರಿಸುವವನು ನಾನು.

ಒಂದು ಕೈಯಾದರೂ ಕೋಟಿನ ಮೇಲ್ಜೇಬಿಗೆ ಏನನ್ನಾದರೂ ಹಾಕುವಷ್ಟು ಏಳುತ್ತದೆಯೆ? ನನ್ನ ಹತ್ತಿರ ಕೋಟಿಲ್ಲ ಎಂದೆ. ಅವಳು ಪೆನ್ನು ಕೆಳಗಿಟ್ಟು ನೋಡಿದಳು, ಎಡಗೈ ಎತ್ತಿ ತೋರಿಸಿದೆ. ಒಂದು ಕೈಯಾದರೂ ತಲೆಯ ಮೇಲಕ್ಕೆ ಏಳುತ್ತದೆಯೆ? ಎಡಗೈ ಮೈಸೂರು ಪೇಟ ತೊಡಿಸುವಷ್ಟು ಮೇಲೆದ್ದಿತು. ಅರ್ಧ ಲೀಟರಿನ ತುಂಬಿದ ಪೊಟ್ಟಣ ಎತ್ತಬಲ್ಲಿರಾ? ಅದಕ್ಕೂ ಎಡಗೈ ಮುಂದೆ. ಹುಟ್ಟಿದಾರಭ್ಯ ಒಂದು ಅಕ್ಷರ ಬರೆಯದ, ಒಂದು ತುತ್ತು ಬಾಯಿಗಿಡದ ಸೋಮಾರಿ ಅದು. ಕೆಲಸಕ್ಕೆ ಅನರ್ಹನೆಂದು ಗಣಿಸಲು 15 ಅಂಕ ಬೇಕಾದ ಹೊತ್ತಿನಲ್ಲಿ ಅದಕ್ಕೆ ಎಲ್ಲಿಲ್ಲದ ಉತ್ಸಾಹ. ಶಾಲೆಯಲ್ಲಿ ಗಣಿತಕ್ಕೆ ಬಿದ್ದಷ್ಟೇ ಅಂಕ ಇಲ್ಲೂ ಬೀಳುವುದು ಖಾತ್ರಿಯಾಯಿತು.

ಈಗ ನನ್ನ ಲೆಕ್ಕಪತ್ರವೆಲ್ಲ ಹೆಂಡತಿಯ ವಶ. 2024–25ರ ಅರ್ಜಿಯಲ್ಲಿ ಕ್ಲಾಸ್ 2 ಕಟ್ಟುತ್ತೀರಾ ಎಂಬಲ್ಲಿ 'ಹೌದು' ಎಂದು ಗುರುತು ಹಾಕಿದ್ದಾಳೆ, ನನ್ನನ್ನು ಕೇಳಲಿಲ್ಲ. ಕ್ಯಾಲೆಂಡರ್ ಇಟ್ಟುಕೊಂಡು ಇನ್ನೊಂದು ಲೆಕ್ಕವನ್ನೂ ಹಾಕಿದಳು. ಆ ಖಾಲಿ 2023–24 ಮುಂದಿನ ಭತ್ಯೆ ವರ್ಷಕ್ಕೂ ಅಡ್ಡ ಬರುತ್ತದೆ. ಅದು ತೊಲಗುವುದು 2027ರ ಜನವರಿ 3, ಭಾನುವಾರ. ಅಲ್ಲಿಯವರೆಗೆ ಹಿಮ ಬಿದ್ದ ದಿನ ನಾನು ಹೊಸಿಲು ದಾಟುವಂತಿಲ್ಲ, ಬಿನ್ ಮುಟ್ಟುವಂತಿಲ್ಲ. ಅವಳೇ ಎಳೆದುಕೊಂಡು ಹೋಗುತ್ತಾಳೆ. ಅವಳಿಗೇನು, ಕಂತೆಲ್ಲ ತುಂಬಿದೆ, ಬೇಕಾದಾಗ ಬೀಳಬಹುದು.