ಡಬಲ್ ದಂಡದ ಜೀಪು

ಲಾಸ್ ಏಂಜಲೀಸಿನ ಶಾಲೆಗಳಿಗೆ ಅವುಗಳದ್ದೇ ಆದ ಪೊಲೀಸ್ ಇಲಾಖೆ ಇದೆ. ಸ್ವಂತ ಗಸ್ತು ಕಾರುಗಳಿವೆ, ಅವನ್ನು ಹೇಗೆ ಓಡಿಸಬೇಕು, ಯಾರಿಗಾದರೂ ಗುದ್ದಿದರೆ ಏನು ಮಾಡಬೇಕು ಎಂಬುದಕ್ಕೆ ಬರೆದಿಟ್ಟ ಕಟ್ಟಳೆಗಳಿವೆ. ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಶಾಲೆಗಳು ಅಷ್ಟು ಮುಂದುವರಿದಿಲ್ಲ. ಇಲ್ಲಿ ಶಾಲೆಯ ಪೊಲೀಸ್ ಎಂದರೆ ಪಿ.ಇ. ಮೇಷ್ಟ್ರು, ಸೈರನ್ ಎಂದರೆ ಅವರ ಕೊರಳಿನ ಸೀಟಿ, ಗಸ್ತು ವಾಹನ ಎಂದರೆ ಅವರ ಟಿವಿಎಸ್. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಜವಾದ ಜೀಪು ಬಂದು ನಿಂತರೆ ಅದು ಠಾಣೆಯದ್ದು, ಇಲ್ಲವೇ 112ರದ್ದು.

ಮಕ್ಕಳೇ ಠಾಣೆಗೆ ಹೋಗುವುದೂ ಉಂಟು. ‘ತೆರೆದ ಮನೆ’ ಕಾರ್ಯಕ್ರಮದಲ್ಲಿ ಅವರನ್ನು ಕರೆಸಿ, ಲಾಕಪ್ ತೋರಿಸಿ, ವೈರ್‌ಲೆಸ್ ಕೇಳಿಸಿ, ‘ಹೆಲ್ಮೆಟ್ ಹಾಕಿ, ಸೀಟ್ ಬೆಲ್ಟ್ ಕಟ್ಟಿ, ಹದಿನೆಂಟು ತುಂಬುವ ತನಕ ಅಪ್ಪನ ಬೈಕ್ ಮುಟ್ಟಬೇಡಿ’ ಎಂದು ಬುದ್ಧಿ ಹೇಳಿ ಕಳಿಸುತ್ತಾರೆ. ಒಳ್ಳೆಯ ಕೆಲಸ, ಇದರಲ್ಲಿ ವ್ಯಂಗ್ಯವೇನೂ ಇಲ್ಲ. ವ್ಯಂಗ್ಯ ಇರುವುದು ಹೊರಗೆ ಅಂಗಳದಲ್ಲಿ ನಿಂತ ಬೊಲೆರೊದೊಳಗೆ. ಯಾವ ಠಾಣೆ ಎಂದು ಕೇಳಬೇಡಿ, ಯಾವುದಾದರೂ ಒಂದರಲ್ಲಿ ಇಣುಕಿ ನೋಡಿ. ಚಾಲಕನ ಬೆಲ್ಟನ್ನು ಸೀಟಿನ ಬೆನ್ನ ಹಿಂದಿನಿಂದ ಎಳೆದು ತಂದು ಕ್ಲಿಪ್ಪಿಗೆ ಖಾಯಮ್ಮಾಗಿ ಸಿಕ್ಕಿಸಿಟ್ಟಿರುತ್ತಾರೆ. ಬೆಲ್ಟ್ ಹಾಕಿದ್ದಾರೆ ಎಂದು ಗಾಡಿ ನಂಬುತ್ತದೆ, ಕುಂಯ್‌ಗುಟ್ಟುವುದನ್ನು ನಿಲ್ಲಿಸುತ್ತದೆ. ಬೆಲ್ಟಿನೊಳಗೆ ಭದ್ರವಾಗಿರುವುದು ಸೀಟು. ನಾಳೆ ಅಪಘಾತವಾದರೆ ಸೀಟಿಗೆ ಏನೂ ಆಗುವುದಿಲ್ಲ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದಾಗ ದಂಡದ ಮೊತ್ತ ಕೇಳಿ ಜನ ಎದೆ ಹಿಡಿದುಕೊಂಡರು. ಆ ಗದ್ದಲದ ನಡುವೆ 210ಬಿ ಎಂಬ ಕಲಂ ಸದ್ದಿಲ್ಲದೆ ಒಳಗೆ ಬಂದು ಕೂತಿತು. ಕಾಯ್ದೆ ಜಾರಿ ಮಾಡಬೇಕಾದವರೇ ಕಾಯ್ದೆ ಮುರಿದರೆ ದಂಡ ಎರಡರಷ್ಟು ಎನ್ನುತ್ತದೆ ಅದು. ಬೆಲ್ಟ್ ಹಾಕದಿದ್ದರೆ ಕಾಯ್ದೆಯ ದರ 1,000 ರೂಪಾಯಿ. ಕರ್ನಾಟಕ ಸರ್ಕಾರ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕನಿಕರಪಟ್ಟು 500ಕ್ಕೆ ಇಳಿಸಿತು. ಅಲ್ಲಿಗೆ ಜೀಪಿನವರ ಪಾಲು 1,000. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಬಂತು. ಎರಡರಷ್ಟರಲ್ಲಿ ಅರ್ಧ ಕಳೆದರೆ ಉಳಿಯುವುದು ನಮ್ಮ ನಿಮ್ಮ ಪೂರ್ತಿ ದಂಡದಷ್ಟೇ. ಸಮಾನತೆ ಹೀಗೂ ಬರುತ್ತದೆ!

ಆದರೆ ರಸೀದಿ ಹರಿಯುವವರು ಯಾರು? ಸಂತೆ ದಿನ ಹೆಲ್ಮೆಟ್ ಇಲ್ಲದವರನ್ನು ಅಡ್ಡಗಟ್ಟುವ ಪಿಎಸ್‌ಐ ಸಾಹೇಬರು ತಾವು ಈಗಷ್ಟೇ ಇಳಿದ ಜೀಪಿನ ಕಡೆಗೇ ತಿರುಗಿ, “ರೀ, ಸೈಡಿಗೆ ಹಾಕ್ರಿ” ಎನ್ನಬೇಕು. ಹಾಗೆ ಅಂದವರನ್ನು ಇಲಾಖೆ ಮರುದಿನ ಎಲ್ಲಿ ಸೈಡಿಗೆ ಹಾಕುತ್ತದೆ ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಇನ್ನು ಅಪಘಾತವಾದ ಮೇಲಿನ ವಿಧಿ. ಕಲಂ 134 ಚಾಲಕನಿಗೆ ಹೇಳುವುದು ಇಷ್ಟು: ಗಾಯಾಳುವಿಗೆ ಚಿಕಿತ್ಸೆ ಕೊಡಿಸು, ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸು, ವಿಮೆಯವರಿಗೆ ಬರೆ. ಜನ ಉದ್ರಿಕ್ತರಾಗಿ ಸಾಧ್ಯವಾಗದಿದ್ದರೆ ಮೊದಲನೆಯದಕ್ಕೆ ವಿನಾಯಿತಿ. ಮಾಮೂಲಿ ಚಾಲಕನಿಗೆ ಇದೆಲ್ಲ ಯಮಯಾತನೆ. ಜೀಪಿಗೆ ಎಷ್ಟು ಸಲೀಸು ನೋಡಿ. ಹತ್ತಿರದ ಠಾಣೆಯನ್ನು ಹುಡುಕಬೇಕಿಲ್ಲ, ಅದು ಮುಂದಿನ ಸೀಟಿನಲ್ಲೇ ಕೂತಿದೆ. ಜನ ಉದ್ರಿಕ್ತರಾದರೆ ಲಾಠಿ ಹಿಂದಿನ ಸೀಟಿನಲ್ಲಿದೆ. ಆಮೇಲೆ ಠಾಣೆಯ ರೈಟರ್ ಚಾಲಕನ ಹೇಳಿಕೆ ಬರೆದುಕೊಳ್ಳುವುದು ಹೀಗಿದ್ದೀತು:

“ನಿಮ್ಮ ಹೆಸರೇನ್ರಿ?”

“ಬೆಳಿಗ್ಗೆ ನಿನಗೆ ತಿಂಡಿ ತಂದುಕೊಟ್ಟೆನಲ್ಲಪ್ಪ, ಅವನೇ.”

“ಸ್ಪೀಡ್ ಎಷ್ಟಿತ್ತು?”

“ಸಾಹೇಬ್ರು ಬೇಗ ಬೇಗ ಅಂತಿದ್ರು.”

“ಅದನ್ನ ಬರೆಯೋಕಾಗಲ್ಲ ಅಣ್ಣ. ನಿಧಾನವಾಗಿ, ಜಾಗರೂಕತೆಯಿಂದ ಅಂತ ಹಾಕ್ತೀನಿ. ಹಸು ಅಡ್ಡ ಬಂತಾ?”

“ಹಸು ಇರಲಿಲ್ಲ ಕಣೋ.”

“ಈಗ ಬಂತು.”

ಇದು ನನ್ನ ಕಲ್ಪನೆಯೇ ಸರಿ. ಆದರೆ ಕಾಗದದ ದಾರಿ ಕಲ್ಪನೆಯಲ್ಲ. ಜೀಪಿನ ನಂಬರು ಕೆಎ 17 ಜಿ, ಆ ಜಿ ಸರ್ಕಾರದ್ದು. ಓಡಿಸುವ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ (ಡಿಎಆರ್) ಚಾಲಕ ಸರ್ಕಾರದವನು. ಮಹಜರು ಬರೆಯುವುದು ಸರ್ಕಾರ. ಬ್ರೇಕ್ ಸರಿಯಿತ್ತೇ ಎಂದು ನೋಡಲು ದಾವಣಗೆರೆಯಿಂದ ಬರುವ ಆರ್‌ಟಿಒ ಇನ್‌ಸ್ಪೆಕ್ಟರೂ ಸರ್ಕಾರ. ಕಲಂ 146ರ ಪ್ರಕಾರ ಸರ್ಕಾರಿ ಜೀಪಿಗೆ ವಿಮೆಯೇ ಕಡ್ಡಾಯವಲ್ಲ, ಮಾಡಿಸಿದ್ದರೆ ಅದು ಸರ್ಕಾರದ್ದೇ ಆದ ವಿಮಾ ಇಲಾಖೆ ಕೆಜಿಐಡಿಯದ್ದು. ಕೋರ್ಟಿನಲ್ಲಿ ನಿಲ್ಲುವವರು ಸರ್ಕಾರಿ ವಕೀಲರು. ಇಡೀ ಪ್ರಕರಣದಲ್ಲಿ ಸರ್ಕಾರದ್ದಲ್ಲದ್ದು ಒಂದೇ, ಮುರಿದ ಕಾಲು.

ಇದು ಹಳೆಯ ರೋಗ. 1952ರಲ್ಲಿ ಉದಯಪುರದಲ್ಲಿ ಕಲೆಕ್ಟರ್ ಸಾಹೇಬರ ಜೀಪು ರಿಪೇರಿ ಮುಗಿಸಿಕೊಂಡು ವಾಪಸ್ ಬರುವಾಗ ಫುಟ್‌ಪಾತಿನ ಮೇಲೆ ನಡೆದುಹೋಗುತ್ತಿದ್ದವರೊಬ್ಬರಿಗೆ ಗುದ್ದಿತು, ಅವರು ತೀರಿಕೊಂಡರು. ರಾಜಸ್ಥಾನ ಸರ್ಕಾರ ತಾನು ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟಿನವರೆಗೂ ಜಗ್ಗಾಡಿತು. ಜೀಪಿನ ವಿಷಯದಲ್ಲಿ ಸರ್ಕಾರವೂ ಉಳಿದ ಮಾಲೀಕರಂತೆಯೇ ಹೊಣೆ ಹೊರಬೇಕು ಎಂದು ಕೋರ್ಟು ಹೇಳಿದ್ದು 1962ರಲ್ಲಿ. ವಿಧವೆ ವಿದ್ಯಾವತಿಯ ಹೆಸರಿನಲ್ಲಿ ಆ ತೀರ್ಪು ಇವತ್ತಿಗೂ ಕಾನೂನು ಕಾಲೇಜಿನ ಪಾಠ. ಕಾನೂನು ಕಾಲೇಜಿನ ಆಚೆ ಅದನ್ನು ಓದಿದವರು ಕಡಿಮೆ.

ಹಾಗೆಂದು ಚಾಲಕನನ್ನು ಗೇಲಿ ಮಾಡಲು ಮನಸ್ಸು ಬರುವುದಿಲ್ಲ. ಮೆಕ್ಕೆಜೋಳದ ಕಾಲದಲ್ಲಿ ರಾತ್ರಿ ಜಗಳೂರಿನ ಕಡೆ ಹೋಗಿ ನೋಡಿ. ಅರ್ಧ ರಸ್ತೆ ತುಂಬ ಜೋಳ ಹರವಿ, ಟಾರ್ಪಾಲು ಹೊದಿಸಿ, ಗಾಡಿ ಹತ್ತದಿರಲಿ ಎಂದು ಸುತ್ತ ತಲೆ ಗಾತ್ರದ ಕಲ್ಲು ಇಟ್ಟಿರುತ್ತಾರೆ. ಕಲ್ಲಿಗೆ ರಿಫ್ಲೆಕ್ಟರ್ ಇರುವುದಿಲ್ಲ. ಕಣ ಇಲ್ಲದ ರೈತನಿಗೆ ಡಾಂಬರೇ ಕಣ, ಅವನನ್ನು ಬೈದರೆ ಪಾಪ, ಬಿಟ್ಟರೆ ಬೈಕಿನವನ ಪ್ರಾಣ. ಅದನ್ನು ಎಬ್ಬಿಸಬೇಕಾದ ಗಸ್ತು ಜೀಪು ಎಡಕ್ಕೆ ಜೋಳ ಬಿಟ್ಟು, ಬಲಕ್ಕೆ ರಾಂಗ್ ಸೈಡಿನಲ್ಲಿ ಸುತ್ತು ಹಾಕಿಕೊಂಡು ಹೋಗುತ್ತದೆ. ನೀಲಿ ಕೆಂಪು ದೀಪ ಹಾಕಿಕೊಂಡೇ ಹೋಗುತ್ತದೆ, ಅದೊಂದು ಪುಣ್ಯ.

ಆ ದೀಪದ ಕೆಳಗೆ ಕೂತವನು ಹಗಲು ಬಂದೋಬಸ್ತಿಗೆ ಹೋಗಿ ರಾತ್ರಿ ಗಸ್ತಿಗೆ ಬಂದವನಿರಬಹುದು. ಲಾಗ್ ಬುಕ್ಕಿನಲ್ಲಿ ಹೊರಟ ಕಿಲೋಮೀಟರು, ಮುಟ್ಟಿದ ಕಿಲೋಮೀಟರು, ಸುಟ್ಟ ಡೀಸೆಲ್ ಎಲ್ಲಕ್ಕೂ ಕಾಲಂ ಇದೆ. ಚಾಲಕ ಎಷ್ಟು ಹೊತ್ತು ಮಲಗಿದ್ದ ಎಂಬುದಕ್ಕಿಲ್ಲ. ಗುದ್ದಿದರೆ ಸಂಬಳದಲ್ಲಿ ಹಿಡಿದಾರು ಎಂಬ ಭಯ ಅವನಿಗೆ. ಎಲ್ಲೂ ಗುದ್ದದೆ ಬೆಳಗು ಮಾಡಿದರೆ ಅದಕ್ಕೊಂದು ಶಹಬ್ಬಾಸ್ ಎಂದವರಿಲ್ಲ. 2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕಿನಿಂದ 17 ಕೆ.ಜಿ.ಗೂ ಹೆಚ್ಚು ಚಿನ್ನ ಹೋಯಿತು. ಮರುವರ್ಷ ಜಿಲ್ಲೆಯ ಪೊಲೀಸರು ತಮಿಳುನಾಡಿನ ಮಧುರೈ ಕಡೆಯ ಬಾವಿಯೊಂದರಿಂದ ಅದರ ಹೆಚ್ಚಿನ ಪಾಲನ್ನು ಎತ್ತಿ ತಂದರು. ಚಿನ್ನದ ಮುಂದೆ ನಿಂತು ಎಲ್ಲರೂ ಫೋಟೊ ತೆಗೆಸಿಕೊಂಡಾಗ ಅಷ್ಟು ದೂರ ಸ್ಟಿಯರಿಂಗ್ ಹಿಡಿದವರು ಯಾರು ಎಂದು ಯಾರೂ ಕೇಳಲಿಲ್ಲ.

ಒಂದು ಮಾತನ್ನು ಮಾತ್ರ ನಗದೆ ಹೇಳಬೇಕು. 2024ರ ಡಿಸೆಂಬರ್ 1ರಂದು ಹಾಸನದ ಹತ್ತಿರ ಕಿತ್ತಾನೆಯಲ್ಲಿ ಪೊಲೀಸ್ ಜೀಪೊಂದು ಹತೋಟಿ ತಪ್ಪಿ ರಸ್ತೆ ಬದಿಯ ಮನೆ, ಮರಕ್ಕೆ ಬಡಿಯಿತು. ಟೈರ್ ಸಿಡಿಯಿತೆಂದು ಹೇಳಿದರು. ತರಬೇತಿ ಮುಗಿಸಿ ಮೊದಲ ಕೆಲಸಕ್ಕೆ ಹಾಜರಾಗಲು ಹೊರಟಿದ್ದ 26ರ ಹರೆಯದ ಐಪಿಎಸ್ ಅಧಿಕಾರಿ ಅದರಲ್ಲಿದ್ದರು. ಅವರು ಉಳಿಯಲಿಲ್ಲ. ಅದಾದ ಮೇಲಾದರೂ ಪ್ರತಿ ಠಾಣೆಯಲ್ಲಿ ಬೆಳಿಗ್ಗೆ ಹಾಜರಿ ಕರೆಯುವ ಮುನ್ನ ಯಾರಾದರೊಬ್ಬರು ಬಗ್ಗಿ ಟೈರ್ ನೋಡುವ ಪದ್ಧತಿ ಬರಬೇಕಿತ್ತು. ನಮ್ಮ ಕಡೆ ಟೈರ್ ನೋಡುವುದು ಆಯುಧ ಪೂಜೆಯ ದಿನ, ಅದೂ ಕೆಳಗೆ ನಿಂಬೆಹಣ್ಣು ಇಡುವಾಗ.

ಕೊನೆಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು. ಗಸ್ತು ಜೀಪು ನಿಮಗೋ ನಿಮ್ಮ ಮಗುವಿಗೋ ತಾಗಿದರೆ ಮೊದಲು ಆಸ್ಪತ್ರೆ, ಆಮೇಲೆ ಜಗಳ. ‘ಜಿ’ ನಂಬರು ಬರೆದುಕೊಳ್ಳಿ, ಜಾಗದ ಫೋಟೊ ತೆಗೆಯಿರಿ. ಪರಿಹಾರ ಕೇಳಬೇಕಾದದ್ದು ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ, ಠಾಣೆಯ ಜಗಲಿಯಲ್ಲಿ ರಾಜಿಗೆ ಕೂರಿಸಿದರೆ ಕೂರಬೇಡಿ. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಎಲ್ಲಿ ನಡೆದ ಅಪರಾಧವನ್ನಾದರೂ ಯಾವ ಠಾಣೆಯಲ್ಲಾದರೂ ಬರೆಸಬಹುದು. ಚನ್ನಗಿರಿಯ ಜೀಪು ಗುದ್ದಿದರೆ ಜಗಳೂರಿಗೆ ಹೋಗಿ ದೂರು ಕೊಡಿ, ಬಸ್ಸಿನಲ್ಲೇ ಹೋಗಿ.