ಅರೆಮನಸ್ಸಿನ ಒಂದು ಓಟು

ಚುನಾವಣೆ ಬಂತೆಂದರೆ ಗುಂಡ್ಲುಪೇಟೆಯಲ್ಲಿ ಎಲ್ಲರ ಮನಸ್ಸೂ ಗಟ್ಟಿ. ಡೋಲಾಯಮಾನ ಆಗುವುದು ನನ್ನದೊಂದೇ. ಒಬ್ಬರು ಮನುಷ್ಯ ಒಳ್ಳೆಯವರು, ಪಕ್ಷ ಹಿಡಿಸದು. ಇನ್ನೊಬ್ಬರ ಪಕ್ಷ ಪರವಾಗಿಲ್ಲ, ಆದರೆ ನನಗೆ ಕೈಮುಗಿಯುವಾಗ ಅವರ ಕಣ್ಣು ನನ್ನ ಹಿಂದೆ ನಿಂತವರ ಮೇಲಿರುತ್ತದೆ. ಮೂರನೆಯವರು ಅಪ್ಪಟ ಸಜ್ಜನರು. ಗೆಲ್ಲುವುದಿಲ್ಲವೆಂದು ಅವರ ಮನೆಯವರೇ ಹೇಳುತ್ತಾರೆ.

"ಗಂಡು ನೋಡುವಾಗ ನಮ್ಮಪ್ಪ ಇಷ್ಟು ಯೋಚನೆ ಮಾಡಿದ್ದರೆ ನಾನಿನ್ನೂ ತವರಲ್ಲೇ ಇರ್ತಿದ್ದೆ" ಎಂದಳು ಹೆಂಡತಿ.

ನನ್ನಂಥವರಿಗೆಂದೇ 2013ರಲ್ಲಿ ಸುಪ್ರೀಂ ಕೋರ್ಟು ನೋಟಾ ಕೊಡಿಸಿತು. ಅದಕ್ಕೂ ಮೊದಲು ಯಾರೂ ಬೇಡ ಎನ್ನುವವನು ಅದನ್ನು ಮತಗಟ್ಟೆಯ ಅಧಿಕಾರಿಗೆ ಹೇಳಿ, ಪುಸ್ತಕದಲ್ಲಿ ಬರೆಸಿ ಸಹಿ ಹಾಕಬೇಕಿತ್ತು, ಅದೂ ಎಲ್ಲ ಏಜೆಂಟರ ಎದುರಿಗೇ. ಸಂಜೆಯೊಳಗೆ ಊರಿಗೆಲ್ಲ ಗೊತ್ತು! ಈಗ ಗುಟ್ಟಾಗಿ ಒತ್ತಬಹುದು. ಆದರೆ ನೋಟಾಕ್ಕೆ ಎಷ್ಟೇ ಓಟು ಬೀಳಲಿ, ಉಳಿದವರಲ್ಲಿ ಹೆಚ್ಚು ಪಡೆದವರೇ ಗೆಲ್ಲುವುದು. ಬರೀ ಸಿಟ್ಟು ತೀರಿಸಿಕೊಳ್ಳಲು ಏಪ್ರಿಲ್ ಬಿಸಿಲಲ್ಲಿ ಮತಗಟ್ಟೆಯವರೆಗೂ ಯಾಕೆ? ಸಿಟ್ಟು ಮಾಡಲು ನಮ್ಮ ಜಗಲಿಯೇ ಸಾಕು.

ಹೋಗದೆ ಇದ್ದುಬಿಡೋಣವೆಂದರೆ ಚಾಮರಾಜನಗರದ ಪಕ್ಕದ ಸಂತೇಮರಹಳ್ಳಿ ನೆನಪಾಗುತ್ತದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಕೃಷ್ಣಮೂರ್ತಿಯವರ ಕಾರಿನ ಡ್ರೈವರೇ ಓಟು ಹಾಕಿರಲಿಲ್ಲ ಎಂಬ ಮಾತು ಇವತ್ತಿಗೂ ಓಡಾಡುತ್ತಿದೆ. ನನಗೆ ಹೆಚ್ಚು ರುಚಿಸುವುದು ಗೆದ್ದ ಕಡೆಯ ಕಥೆ. ಆ ಸೀಮೆಯ ನೆಂಟರ ಮದುವೆಗೆ ಹೋದರೆ ಪಂಕ್ತಿಯಲ್ಲಿ ಒಬ್ಬರಾದರೂ "ಆ ಒಂದು ಓಟು ನಂದೇ ಕಣಪ್ಪ" ಅನ್ನುತ್ತಾರೆ. ನಗಬೇಡಿ, ಲೆಕ್ಕ ಹಾಕಿ ನೋಡಿ: 40,752 ಜನರೂ ಹೇಳುವುದು ನಿಜ! 2008ರ ಹೊತ್ತಿಗೆ ಮರುವಿಂಗಡಣೆಯಲ್ಲಿ ಆ ಕ್ಷೇತ್ರವೇ ಮಾಯವಾಯಿತು. ಜಂಬ ಮಾತ್ರ ಉಳಿದುಕೊಂಡಿದೆ. ಅವರಲ್ಲಿ ಎಷ್ಟು ಮಂದಿ ನನ್ನ ಹಾಗೆ "ಯಾರಿಗೋ ಒಬ್ಬರಿಗೆ" ಎಂದು ಗೊಣಗಿಕೊಂಡೇ ಒತ್ತಿದ್ದರೋ! ಮಿಷನ್ನು ಅರೆಮನಸ್ಸಿಗೆ ಅರ್ಧ ಓಟು ಎಂದು ಬರೆದುಕೊಳ್ಳುವುದಿಲ್ಲವಲ್ಲ.

ಬಸ್‌ಸ್ಟ್ಯಾಂಡ್ ಹತ್ತಿರ ಟೀ ಕುಡಿಯುವಾಗ ಈ ಸಂಕಟ ತೋಡಿಕೊಂಡೆ. ಸಣ್ಣ ಈರುಳ್ಳಿ ಮೂಟೆಯ ಮೇಲೆ ಕೂತಿದ್ದ ಯಜಮಾನರು, "ಒಳ್ಳೇವ್ರು ಯಾರು ಅಂತ ಯಾಕ್ ನೋಡೀರಿ ಮೇಷ್ಟ್ರೇ? ಗೆದ್ಮೇಲೆ ಯಾರ್ ಮನೆ ಮುಂದೆ ನಿಂತ್ಕಂಡು ಬೈಬೋದು ಅಂತ ನೋಡಿ" ಎಂದರು. ಈ ಸೂತ್ರ ಹಿಡಿದದ್ದೇ ತಡ, ಮನೆ ಎಲ್ಲಿದೆಯೆಂದೇ ಗೊತ್ತಿಲ್ಲದವರು, ಗೇಟಿಗೆ ನಾಯಿ ಕಟ್ಟಿದವರು ತಾವಾಗಿ ಪಟ್ಟಿಯಿಂದ ಉದುರಿದರು.

ಒತ್ತಿದೆ. ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ಕಂಡು ಬಿದ್ದುಹೋಯಿತು. ಹೊರಗೆ, ದೂರದಲ್ಲಿ ಮೇಜು ಹಾಕಿಕೊಂಡು ಕೂತ ಮೂರೂ ಪಕ್ಷದ ಹುಡುಗರು ಒಬ್ಬರಾದ ಮೇಲೊಬ್ಬರು, "ನಮಗೇ ಅಲ್ವಾ ಮೇಷ್ಟ್ರೇ?" ಎಂದರು. ಮೂವರಿಗೂ ತಲೆಯಾಡಿಸಿದೆ. ಮೂವರೂ ನನ್ನ ಹೆಸರಿನ ಮುಂದೆ ಗುರುತು ಹಾಕಿಕೊಂಡರು.